ಹೆದ್ದಾರಿ ನಿಮ್ಮದಲ್ಲ ಸರಿ, ಅದರ ಅಂಚು ಯಾರದ್ದು?

ಇವರಿಗೆ,
ತುಮಕೂರು ಜಿಲ್ಲೆಯಲ್ಲಿ ಬೆಂಗಳೂರು–ಪುಣೆ ಹೆದ್ದಾರಿ ಹಾದುಹೋಗುವ ಊರುಗಳ ಗ್ರಾಮ ಪಂಚಾಯಿತಿ ಮತ್ತು ನಗರ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರು, ಸದಸ್ಯರು, ಅಧಿಕಾರಿಗಳು.

ವಿಷಯ: ಹೆದ್ದಾರಿಯ ಟ್ರಾಫಿಕ್ ಜಾಮ್ ಕಡಿಮೆ ಮಾಡಲು ನಿಮ್ಮ ಕೈಯಲ್ಲೇ ಇರುವ ಕೆಲಸಗಳ ಬಗ್ಗೆ.

ಮಾನ್ಯರೇ,

ನಾನು ತಟ್ಟೆ ಇಡ್ಲಿ ಹೋಟೆಲಿನವನು. ದಾಬಸ್‌ಪೇಟೆ ದಾಟಿ ಕ್ಯಾತ್ಸಂದ್ರ ಸಿಗುವುದರೊಳಗೆ, ಸರ್ವಿಸ್ ರೋಡಿಗೆ ಮುಖ ಮಾಡಿಕೊಂಡು ನನ್ನ ಅಂಗಡಿ ಇದೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಇದು ಒಂದು ಊರಿನ ತಕರಾರು ಅಂತ ಉಳಿದ ಊರಿನವರು ಪತ್ರ ಮಡಿಚಿಡುತ್ತಾರೆ. ಈ ಸಾಲಿನಲ್ಲಿ ಎಲ್ಲ ಊರಿನ ಕಥೆಯೂ ಹೆಚ್ಚುಕಡಿಮೆ ಒಂದೇ.

ಬೆಳಗಿನ ಜಾವ ನಾಲ್ಕಕ್ಕೆ ಒಲೆ ಹಚ್ಚುತ್ತೇನೆ, ರಾತ್ರಿ ಹತ್ತಕ್ಕೆ ಬಾಗಿಲು ಹಾಕುತ್ತೇನೆ. ಅಷ್ಟು ಹೊತ್ತೂ ಕಣ್ಣೆದುರಿಗೆ ಇರುವುದು ರಸ್ತೆಯೇ. ಗಲ್ಲಾಪೆಟ್ಟಿಗೆ ಹಿಂದೆ ಕೂತು ಇಪ್ಪತ್ತು ವರ್ಷ ಒಂದೇ ರಸ್ತೆ ನೋಡಿದವನಿಗೆ ಜಾಮ್ ಎಲ್ಲಿ ಹುಟ್ಟುತ್ತದೆ ಅನ್ನೋದು ಗೊತ್ತಾಗದೆ ಇರುತ್ತದಾ? ಅದನ್ನು ಹೇಳುವುದಕ್ಕೇ ಈ ಪತ್ರ. ಇದರಲ್ಲಿ ನನ್ನ ತಪ್ಪೂ ಇದೆ. ಅದನ್ನೂ ಬರೆಯುತ್ತೇನೆ.

ಮೊದಲು ರಸ್ತೆ ವಿಷಯ. ನಾವು ಈಗಲೂ ಬಾಯಿತಪ್ಪಿ ಎನ್‌ಎಚ್ ನಾಲ್ಕು ಅಂತಲೇ ಅನ್ನುತ್ತೇವೆ. 2010ರಲ್ಲಿ ನಂಬರು ಬದಲಾಗಿ ಇದು 48 ಆಯಿತು. ದಿಲ್ಲಿಯಿಂದ ಮುಂಬೈ, ಪುಣೆ, ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ ಹಾದು ನಮ್ಮೂರ ಮುಂದೆ ಬಂದು, ಬೆಂಗಳೂರು ದಾಟಿ ಚೆನ್ನೈಗೆ ಹೋಗುತ್ತದೆ. ಒಟ್ಟು 2,800 ಕಿಲೋಮೀಟರಿಗೂ ಜಾಸ್ತಿ. ವಾಜಪೇಯಿಯವರ ಕಾಲದ ಸುವರ್ಣ ಚತುಷ್ಪಥ ಯೋಜನೆಯಲ್ಲಿ ಇದೂ ಸೇರಿತ್ತು. ಇದರ ಆಸುಪಾಸು ಹಿರೇಹಳ್ಳಿ, ಅಂತರಸನಹಳ್ಳಿ, ವಸಂತನರಸಾಪುರ ಅಂತ ಕೈಗಾರಿಕಾ ಪ್ರದೇಶಗಳು ಬೆಳೆದವು. ವಸಂತನರಸಾಪುರದ ಫುಡ್ ಪಾರ್ಕ್ 2014ರಲ್ಲಿ ಉದ್ಘಾಟನೆ ಆಯಿತು. 2024ರ ಮಾರ್ಚಿನಲ್ಲಿ ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರದ ಮೇಲೆ ಹೊಸಕೋಟೆಗೆ ಹೋಗುವ ಹೊಸ ರಸ್ತೆಯೂ ಉದ್ಘಾಟನೆ ಆಯಿತು. ಅದರ ಒಂದು ತುದಿ ಬಂದು ಸೇರುವುದು ನಮ್ಮ ರಸ್ತೆಗೇ.

ಇಷ್ಟೆಲ್ಲ ಬಂದು ಬೀಳುವ ರಸ್ತೆಯನ್ನು ಈಗ ಆರು ಪಥ ಮಾಡುವ ಕೆಲಸ ನೆಲಮಂಗಲ–ತುಮಕೂರು ನಡುವೆ ಹಿಡಿದಿದ್ದಾರೆ. ಆಗಲಿ, ಸಂತೋಷ. ಆದರೆ ಕೆಲಸ ನಡೆಯುವ ಕಡೆ ಇರುವ ದಾರಿಯೇ ಕಿರಿದಾಗುತ್ತದೆ. ಒಂದು ಕಡೆ ಅಗೆತ, ಒಂದು ಕಡೆ ಜಲ್ಲಿ ರಾಶಿ, ನಡುವೆ ಪ್ಲಾಸ್ಟಿಕ್ ಡ್ರಮ್ಮು. ಮೊದಲೇ ಒಂದು ದಿಕ್ಕಿಗೆ ಎರಡು ಲೇನು. ಅದರಲ್ಲಿ ಒಂದು ಲೇನಿಗೆ ಯಾವನೋ ಒಬ್ಬ ಅಡ್ಡ ನಿಂತರೆ ಮುಗಿಯಿತು.

ಹಾಗೆ ಅಡ್ಡ ನಿಲ್ಲುವವರು ಯಾರು ಅನ್ನುವುದೇ ನನ್ನ ವಿಷಯ. ಅವರು ದಿಲ್ಲಿಯಿಂದ ಬಂದವರಲ್ಲ ಸ್ವಾಮಿ. ಹೆಚ್ಚಿನವರು ನಮ್ಮವರೇ. ಇಲ್ಲಾ, ನಮ್ಮ ಹತ್ತಿರ ಕೆಲಸ ಇದ್ದು ಬಂದವರು.

ಒಂದು ಭಾನುವಾರ ಸಂಜೆಯದ್ದು ಹೇಳುತ್ತೇನೆ. ಹಬ್ಬ ಮುಗಿಸಿ ಜನ ಬೆಂಗಳೂರಿಗೆ ವಾಪಸ್ ಹೋಗುವ ಹೊತ್ತು. ನಮ್ಮ ಹೋಟೆಲಿಗೂ ಅದೇ ಸುಗ್ಗಿ. ಇಡ್ಲಿ ತಟ್ಟೆ ಒಂದರ ಮೇಲೊಂದು ಹಬೆಯಲ್ಲಿ ಕೂತಿರುತ್ತವೆ, ಹೊರಗೆ ಕಾರುಗಳು ಒಂದರ ಹಿಂದೊಂದು. ನನ್ನ ಅಂಗಡಿ ಮುಂದೆ ನಾಲ್ಕು ಕಾರು ನಿಲ್ಲಲು ಜಾಗ ಇದೆ. ಐದನೆಯದು ಸರ್ವಿಸ್ ರೋಡಿನಲ್ಲಿ ನಿಂತಿತು. ಆರನೆಯದು ಅದರ ಪಕ್ಕದಲ್ಲಿ. ‘ಎರಡೇ ನಿಮಿಷ, ಪಾರ್ಸೆಲ್ ಅಷ್ಟೆ ಅಣ್ಣ’ ಅಂದರು. ಬೇಡ ಅಂತ ಹೇಳುವ ಬಾಯಿ ನನಗೆ ಬರಲಿಲ್ಲ. ಎಂಟು ತಟ್ಟೆ, ಎರಡು ವಡೆ, ಬೆಣ್ಣೆ ಬೇರೆ ಕಟ್ಟಬೇಕಿತ್ತು. ಅಷ್ಟರಲ್ಲಿ ಸರ್ವಿಸ್ ರೋಡಿನಲ್ಲಿ ಬರುತ್ತಿದ್ದ ಟ್ರ್ಯಾಕ್ಟರಿಗೆ ದಾರಿ ಇಲ್ಲದೆ ಅದು ಹೆದ್ದಾರಿಗೆ ಹತ್ತಿತು. ಟ್ರೇಲರಿನಲ್ಲಿ ಹುಲ್ಲು, ಹಿಂದೆ ಒಂದು ಕೆಂಪು ದೀಪವೂ ಇಲ್ಲ. ಅದೇ ಹೊತ್ತಿಗೆ ತುಮಕೂರಿನ ಬಸ್ಸು ಬಂತು. ಬಸ್ಸು ನಿಲ್ಲುವ ಜಾಗದಲ್ಲಿ ಆಟೋ ಇದ್ದವು. ಡ್ರೈವರ್ ಏನು ಮಾಡಬೇಕು? ಎಡಗಡೆ ಲೇನಿನಲ್ಲೇ ನಿಲ್ಲಿಸಿದ. ಕಂಡಕ್ಟರ್ ಬಾಗಿಲಲ್ಲಿ ನೇತಾಡಿಕೊಂಡು ಹಿಂದಿನ ಗಾಡಿಗಳಿಗೆ ಕೈ ಅಡ್ಡ ಹಿಡಿದ. ಇಳಿದದ್ದು ಒಂದು ಅಜ್ಜಿ ಮತ್ತು ಒಂದು ಚೀಲ ರಾಗಿ.

ಬಸ್ಸು ಒಂದು ನಿಮಿಷದಲ್ಲಿ ಹೊರಟಿತು. ಆದರೆ ಅದು ಬಿಟ್ಟುಹೋದದ್ದನ್ನು ನೋಡಬೇಕಿತ್ತು. ಕಾರುಗಳ ಬ್ರೇಕಿನ ಕೆಂಪು ದೀಪ ಒಂದೊಂದಾಗಿ ಹಿಂದಕ್ಕೆ ಹೋಗುತ್ತದೆ. ಮುಂದಿನವನು ಸ್ವಲ್ಪ ಒತ್ತುತ್ತಾನೆ, ಹಿಂದಿನವನು ಇನ್ನೂ ಜಾಸ್ತಿ ಒತ್ತುತ್ತಾನೆ, ಅವನ ಹಿಂದಿನವನು ನಿಂತೇಬಿಡುತ್ತಾನೆ. ಕಾರಣ ಹೊರಟುಹೋದ ಮೇಲೂ ಜಾಮ್ ಹಿಂದಕ್ಕೆ ತೆವಳುತ್ತಲೇ ಇರುತ್ತದೆ. ಅರ್ಧ ಗಂಟೆ ಆದ ಮೇಲೆ ಕಿಲೋಮೀಟರ್ ಹಿಂದೆ ಸಿಕ್ಕಿಹಾಕಿಕೊಂಡವನು ‘ಟೋಲ್ ಕಟ್ಟಿಸಿಕೊಳ್ಳುತ್ತಾರೆ, ರಸ್ತೆ ನೋಡಿದರೆ ಹೀಗೆ’ ಅಂತ ಬೈಯುತ್ತಾನೆ. ಅವನ ಜಾಮಿಗೆ ಮೂಲ ನನ್ನ ಎಂಟು ತಟ್ಟೆ ಇಡ್ಲಿ ಅಂತ ಅವನಿಗೆ ಗೊತ್ತಿಲ್ಲ.

ಆವತ್ತು ಆ ಸಾಲಿನಲ್ಲಿ ಒಂದು ಆಂಬುಲೆನ್ಸ್ ಇತ್ತು. ದನಿ ಕೇಳುತ್ತಿತ್ತು, ಗಾಡಿ ಕಾಣುತ್ತಿರಲಿಲ್ಲ. ಎಷ್ಟೋ ಹೊತ್ತು ದನಿ ಒಂದೇ ಕಡೆಯಿಂದ ಬರುತ್ತಿತ್ತು. ಕೊನೆಗೆ ನಾನು, ನನ್ನ ಸಪ್ಲೈಯರ್ ಹುಡುಗ ಹೋಗಿ ಸರ್ವಿಸ್ ರೋಡಿನ ಕಾರುಗಳನ್ನು ತೆಗೆಸಿದೆವು. ಕೈಯಲ್ಲಿ ಚಟ್ನಿ ಸೌಟು ಹಾಗೇ ಇತ್ತು. ಮಾರನೇ ದಿನ ನನ್ನ ಬೋರ್ಡು, ಹೊರಗೆ ಇಟ್ಟಿದ್ದ ಕಾಫಿ ಸ್ಟ್ಯಾಂಡು, ಎರಡು ಕಲ್ಲು ಬೆಂಚು, ಎಲ್ಲ ಒಳಗೆ ಎಳೆದುಕೊಂಡೆ. ಮೊದಲೇ ಮಾಡಬೇಕಿತ್ತು. ಮಾಡಿರಲಿಲ್ಲ.

ಈಗ ನಿಮ್ಮ ಕಡೆಗೆ ಬರುತ್ತೇನೆ.

ನಮ್ಮ ಹೋಟೆಲಿಗೆ ಪಾತ್ರೆ ತೊಳೆಯಲು ಬರುವ ಅಕ್ಕ ರಸ್ತೆಯ ಆಚೆ ಕಡೆಯವರು. ಬೆಳಿಗ್ಗೆ ಐದಕ್ಕೆ ಕೈಯಲ್ಲಿ ಟಾರ್ಚು ಹಿಡಿದು ಡಿವೈಡರ್ ಸಂದಿಯಲ್ಲಿ ದಾಟಿ ಬರುತ್ತಿದ್ದರು. ಅಂಡರ್‌ಪಾಸ್ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅಲ್ಲಿಗೆ ಹೋಗಿ ಬರಲು ಎರಡು ಕಿಲೋಮೀಟರಿಗೂ ಜಾಸ್ತಿ, ಮಳೆ ಬಂದರೆ ಮೊಣಕಾಲುದ್ದ ನೀರು, ದೀಪ ಇಲ್ಲ. ಎರಡು ವರ್ಷದ ಹಿಂದೆ ಒಂದು ಬೈಕು ಉಲ್ಟಾ ದಿಕ್ಕಿನಿಂದ ಬಂದು ಅವರಿಗೆ ಗುದ್ದಿತು. ಕಾಲು ಮುರಿಯಿತು. ಆ ಬೈಕಿನವನೂ ಪಕ್ಕದ ಹಳ್ಳಿ ಹುಡುಗ, ಹಾಲು ಹಾಕಿ ಬರುತ್ತಿದ್ದವನು. ಸರಿಯಾದ ದಿಕ್ಕಿನಲ್ಲಿ ಹೋದರೆ ಅವನೂ ಅಷ್ಟು ದೂರ ಸುತ್ತಬೇಕಿತ್ತು. ಇಬ್ಬರೂ ಬಡವರು, ಇಬ್ಬರೂ ಅಡ್ಡದಾರಿ ಹಿಡಿದಿದ್ದರು. ಯಾರ ಮೇಲೆ ಕೇಸು ಹಾಕುವುದು?

ನಾನು ಅಂಡರ್‌ಪಾಸಿಗೆ ದೀಪ ಹಾಕಿಸಿ, ನೀರು ನಿಲ್ಲದ ಹಾಗೆ ಮಾಡಿ ಅಂತ ಒಂದು ಕಚೇರಿಗೆ ಅರ್ಜಿ ಕೊಟ್ಟೆ. ‘ಹೆದ್ದಾರಿ ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಅಂತ ಹಿಂಬರಹ ಬಂತು. ಇನ್ನೊಂದು ಕಚೇರಿಗೆ ಹೋದೆ. ಅವರು ‘ಕಂಬ ಬೇಕಾದರೆ ಹಾಕುತ್ತೇವೆ, ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ? ಊರಿನವರು ಒಪ್ಪಿಗೆ ಪತ್ರ ಕೊಡಲಿ’ ಅಂದರು. ಮತ್ತೆ ಮೊದಲನೆಯ ಕಚೇರಿಗೆ. ‘ಬಿಲ್ಲು ಕಟ್ಟಲು ನಮ್ಮಲ್ಲಿ ದುಡ್ಡಿಲ್ಲ’ ಅಂದರು. ಮೂರು ತಿಂಗಳು ಹೀಗೆ ಓಡಾಡಿದೆ. ನೀರು ಹೇಗೆ ನಿಲ್ಲುತ್ತದೆ ಅಂತ ನಾನೇ ಇಳಿದು ನೋಡಿದೆ. ಹೆದ್ದಾರಿಯ ಚರಂಡಿ ಬಂದು ಊರಿನ ಚರಂಡಿಗೆ ಸೇರಬೇಕು. ಸೇರುವ ಜಾಗದಲ್ಲಿ ನಮ್ಮೂರಿನವರೇ ಹಾಕಿದ ಕಸ, ಬಾಳೆ ಎಲೆ, ಪ್ಲಾಸ್ಟಿಕ್ ಕವರು. ಹೋಟೆಲಿನವನು ಬಾಳೆ ಎಲೆ ಬಗ್ಗೆ ಜಾಸ್ತಿ ಮಾತಾಡಬಾರದು, ಗೊತ್ತು. ಆದರೂ ಅದನ್ನು ಎತ್ತಿಸುವುದು ದಿಲ್ಲಿಯ ಕೆಲಸವಾ?

‘ಹೆದ್ದಾರಿ ನಮ್ಮದಲ್ಲ’ ಅನ್ನುವ ಮಾತು ಅರ್ಧ ನಿಜ. ರಸ್ತೆ ಅಗಲ ಮಾಡುವುದು, ಫ್ಲೈಓವರ್ ಕಟ್ಟುವುದು, ಟೋಲ್ ವಸೂಲಿ, ಇದರಲ್ಲಿ ನಿಮ್ಮ ಪಾತ್ರ ಇಲ್ಲ. ಹೆದ್ದಾರಿ ಜಾಗದ ಒತ್ತುವರಿ ತೆಗೆಸಲು 2002ರ ಕೇಂದ್ರ ಕಾಯ್ದೆ ಪ್ರಕಾರ ಬೇರೆ ಅಧಿಕಾರಿಗಳೇ ಇದ್ದಾರೆ. ಆದರೆ ಸಂವಿಧಾನ ನಿಮ್ಮ ಕೈಗೆ ಏನು ಕೊಟ್ಟಿದೆ ಅಂತ ಒಂದು ಸಲ ನೋಡಿ. ನಗರ ಸಂಸ್ಥೆಗಳಿಗೆ 12ನೇ ಅನುಸೂಚಿಯಲ್ಲಿ 18 ವಿಷಯ ಬರೆದಿದ್ದಾರೆ. ಅದರಲ್ಲಿ 17ನೆಯದು ಬೀದಿ ದೀಪ, ವಾಹನ ನಿಲುಗಡೆ ಜಾಗ, ಬಸ್ ನಿಲ್ದಾಣ, ಸಾರ್ವಜನಿಕ ಶೌಚಾಲಯದಂಥ ಸೌಲಭ್ಯ. ನಾನು ಮೇಲೆ ಹೇಳಿದ ಭಾನುವಾರದ ಜಾಮಿಗೆ ಬೇಕಾದ ಮದ್ದೆಲ್ಲ ಆ ಒಂದೇ ಸಾಲಿನಲ್ಲಿದೆ, ಅಲ್ವಾ? ಪಂಚಾಯಿತಿಗಳಿಗೆ 11ನೇ ಅನುಸೂಚಿಯಲ್ಲಿ 29 ವಿಷಯ. ರಸ್ತೆ, ಮೋರಿ, ಸೇತುವೆ ಅದರಲ್ಲಿದೆ. ಸಂತೆ, ಜಾತ್ರೆಯೂ ಇದೆ. ಅಂದರೆ ಕಪ್ಪು ಡಾಂಬರು ಅವರದ್ದು, ಆ ಡಾಂಬರಿಗೆ ನಮ್ಮೂರು ಏನನ್ನು ತಳ್ಳುತ್ತದೆ ಅನ್ನುವುದು ನಿಮ್ಮದು.

ನಾನು ಕೇಳುವುದರಲ್ಲಿ ದೊಡ್ಡದು ಲಾರಿಗಳ ವಿಷಯ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಲಾರಿ ಡ್ರೈವರುಗಳು ನಮ್ಮ ಸರ್ವಿಸ್ ರೋಡಿನಲ್ಲಿ ಸುಮ್ನೆ ನಿಲ್ಲಿಸುವುದಿಲ್ಲ. ನನ್ನ ಹೋಟೆಲಿಗೆ ಟೀ ಕುಡಿಯಲು ಬರುತ್ತಾರೆ, ಮಾತಾಡಿಸುತ್ತೇನೆ. ಬೆಳಿಗ್ಗೆ, ಸಂಜೆ ಜನ ಓಡಾಡುವ ಹೊತ್ತಿನಲ್ಲಿ ಬೆಂಗಳೂರಿನೊಳಗೆ ದೊಡ್ಡ ಗಾಡಿ ಬಿಡುವುದಿಲ್ಲ. ಹಾಗಾಗಿ ಹುಬ್ಬಳ್ಳಿ, ಪುಣೆಯಿಂದ ರಾತ್ರಿಯೆಲ್ಲ ಓಡಿಸಿಕೊಂಡು ಬಂದವನು ಟೈಮ್ ಆಗುವ ತನಕ ಊರ ಹೊರಗೆ ಕಾಯಬೇಕು. ಇನ್ನು ಕೆಲವರು ಇಲ್ಲಿನ ಫ್ಯಾಕ್ಟರಿಗಳಿಗೇ ಬಂದವರು. ಗೇಟಿನಲ್ಲಿ ‘ನಿಮ್ಮ ಸರದಿ ನಾಳೆ’ ಅಂದರೆ ನಾಳೆಯ ತನಕ ಲಾರಿ ಎಲ್ಲಿ ಇಟ್ಟುಕೊಳ್ಳಬೇಕು? ಫ್ಯಾಕ್ಟರಿ ಕಾಂಪೌಂಡಿನೊಳಗೆ ಬಿಡುವುದಿಲ್ಲ. ಸ್ನಾನ ಇಲ್ಲ, ಕಕ್ಕಸು ಇಲ್ಲ. ಒಬ್ಬ ಸರದಾರ್ಜಿ ಡ್ರೈವರ್ ನನ್ನ ಅಂಗಡಿ ಹಿಂದಿನ ನಲ್ಲಿಯಲ್ಲಿ ತಲೆಗೂದಲು ತೊಳೆದುಕೊಂಡು, ಬಿಸಿಲಿಗೆ ಒಣಗಿಸಿಕೊಂಡು, ಮಧ್ಯಾಹ್ನದ ತನಕ ಕ್ಯಾಬಿನ್ನಿನಲ್ಲಿ ಮಲಗಿದ್ದ. ಅವನನ್ನು ಎಬ್ಬಿಸಿ ಓಡಿಸಲು ಮನಸ್ಸಾದರೂ ಹೇಗೆ ಬರುತ್ತದೆ?

ಆದರೆ ಹಗಲು ಜಾಮ್ ಮಾಡುವ ಲಾರಿ ಕತ್ತಲಲ್ಲಿ, ಮಂಜಿನಲ್ಲಿ ಹೆಣ ಬೀಳಿಸುತ್ತದೆ. 2023ರ ಅಕ್ಟೋಬರ್ 26ರ ಬೆಳಿಗ್ಗೆ ಚಿಕ್ಕಬಳ್ಳಾಪುರದ ಹತ್ತಿರ ಏನಾಯಿತು ಅಂತ ಎಲ್ಲರಿಗೂ ನೆನಪಿರಬೇಕು. ರಸ್ತೆ ಬದಿ ನಿಂತಿದ್ದ ಟ್ಯಾಂಕರಿಗೆ ಮಂಜಿನಲ್ಲಿ ಸುಮೊ ಗುದ್ದಿ 13 ಜನ ಸತ್ತರು. ಹೈದರಾಬಾದ್ ಹೆದ್ದಾರಿ ಅದು, ನಮ್ಮದಲ್ಲ. ಆದರೆ ಮಂಜು ನಮಗೂ ಬೀಳುತ್ತದೆ, ನಿಂತ ಲಾರಿ ನಮ್ಮಲ್ಲೂ ಇವೆ. ನಮ್ಮ ಹೆದ್ದಾರಿಯಲ್ಲೇ 2022ರ ಆಗಸ್ಟ್ 25ರಂದು ಶಿರಾ ಹತ್ತಿರ ಲಾರಿ, ಕ್ರೂಸರ್ ಡಿಕ್ಕಿಯಾಗಿ ಕೂಲಿಗೆ ಹೊರಟಿದ್ದ 9 ಜನ ಹೋದರು. 2024ರ ಡಿಸೆಂಬರ್ 21ರಂದು ನೆಲಮಂಗಲದ ತಾಳೇಕೆರೆ ಹತ್ತಿರ ಕಂಟೇನರ್ ಕಾರಿನ ಮೇಲೆ ಬಿದ್ದು ಒಂದೇ ಮನೆಯ 6 ಜನ. ಒಂದೊಂದಕ್ಕೂ ಕಾರಣ ಬೇರೆ ಬೇರೆ. ಎಲ್ಲವನ್ನೂ ನಿಂತ ಲಾರಿ ತಲೆಗೆ ಕಟ್ಟುವುದು ತಪ್ಪು. ನಾನು ಹೇಳುವುದು ಇಷ್ಟೆ: ದೊಡ್ಡ ಗಾಡಿ, ಸಣ್ಣ ಗಾಡಿ, ಟ್ರ್ಯಾಕ್ಟರು, ನಡೆಯುವವರು ಎಲ್ಲರೂ ಇಷ್ಟು ಹತ್ತಿರ ಹತ್ತಿರ ಇರುವ ರಸ್ತೆಯಲ್ಲಿ ಯಾರಿಗೂ ತಪ್ಪು ಮಾಡಲು ಜಾಗವೇ ಉಳಿದಿಲ್ಲ.

ಲಾರಿ ನಿಲ್ದಾಣ ಕಟ್ಟಲೆಂದೇ ರಾಜ್ಯ ಸರ್ಕಾರಕ್ಕೆ ಡಿ. ದೇವರಾಜ ಅರಸು ಅವರ ಹೆಸರಿನ ಟ್ರಕ್ ಟರ್ಮಿನಲ್ ಕಂಪನಿ ಇದೆ. ಯಶವಂತಪುರದಲ್ಲಿ ಅವರದ್ದೊಂದು ಟರ್ಮಿನಲ್ ಇದೆ. ಅವರು ಜಾಗ ಕೊಡಿ ಅಂತ ಕೇಳಿಕೊಂಡು ನಮ್ಮೂರಿಗೆ ಬರುವುದಿಲ್ಲ, ನಾವು ತೋರಿಸಬೇಕು. ಹೆದ್ದಾರಿಗೆ ಹತ್ತಿರದಲ್ಲಿ ಎಲ್ಲಿ ಸರ್ಕಾರಿ ಖರಾಬು ಇದೆ, ಯಾವ ಸರ್ವೆ ನಂಬರಿನಲ್ಲಿ ಎಷ್ಟು ಗುಂಟೆ ಖಾಲಿ ಇದೆ ಅನ್ನುವುದು ಊರಿನವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸದಸ್ಯರಿಗಂತೂ ಬಾಯಲ್ಲೇ ಇರುತ್ತದೆ. (ಅದರಲ್ಲಿ ಎಷ್ಟು ಈಗಾಗಲೇ ಯಾರ ಯಾರ ಬೇಲಿಯೊಳಗೆ ಸೇರಿದೆ ಅನ್ನುವುದೂ ಬಾಯಲ್ಲೇ ಇರುತ್ತದೆ. ಅದು ಬೇರೆ ಪತ್ರಕ್ಕೆ.) ಎರಡು ಮೂರು ಪಂಚಾಯಿತಿಯವರು ಸೇರಿ ಒಂದು ಜಾಗ ಗುರುತು ಮಾಡಿ, ಠರಾವು ಮಾಡಿ, ಜಿಲ್ಲಾಡಳಿತಕ್ಕೆ ಕಳಿಸಿ. ಟರ್ಮಿನಲ್ ಕಟ್ಟುವ ತನಕ ಗ್ರಾವೆಲ್ ಹಾಕಿ, ನಾಲ್ಕು ದೀಪ, ಎರಡು ಕಕ್ಕಸು, ಒಂದು ನೀರಿನ ಟ್ಯಾಂಕ್ ಇಟ್ಟರೂ ಸಾಕು. ಶುಲ್ಕ ಇಡಿ. ಡ್ರೈವರುಗಳು ಕೊಡುತ್ತಾರೆ. ಡೀಸೆಲ್ ಕಳ್ಳರ ಕಾಟ ಇಲ್ಲದೆ ಒಂದು ರಾತ್ರಿ ನಿದ್ದೆ ಮಾಡಲು ಸಿಗುತ್ತದೆ ಅಂದರೆ ಯಾರು ಬೇಡ ಅನ್ನುತ್ತಾರೆ?

ಫ್ಯಾಕ್ಟರಿ, ಗೋಡೌನ್, ಕಲ್ಯಾಣ ಮಂಟಪ, ಹೋಟೆಲ್, ಇವಕ್ಕೆ ಲೈಸೆನ್ಸ್ ಕೊಡುವಾಗ ಒಂದು ಪ್ರಶ್ನೆ ಕೇಳಿ: ‘ಗಾಡಿ ಎಲ್ಲಿ ನಿಲ್ಲಿಸುತ್ತೀರಿ?’ ನನಗೆ ಲೈಸೆನ್ಸ್ ಕೊಟ್ಟಾಗ ಯಾರೂ ಕೇಳಲಿಲ್ಲ. ಕಂದಾಯದ ರಸೀದಿ ಕೇಳಿದರು, ಆಸ್ತಿ ದಾಖಲೆಯ ಫಾರಂ 9, 11 ಕೇಳಿದರು, ಬಾಡಿಗೆ ಕರಾರು ಕೇಳಿದರು. ಪಾರ್ಕಿಂಗ್ ಕೇಳಿದ್ದರೆ ಹಿಂದಿನ ಸೈಟನ್ನೂ ಆಗಲೇ ಬಾಡಿಗೆಗೆ ಹಿಡಿಯುತ್ತಿದ್ದೆ. ಆಗ ಬಾಡಿಗೆ ಕಡಿಮೆ ಇತ್ತು. ಈಗ ಹಿಡಿದಿದ್ದೇನೆ, ಮೂರು ಪಟ್ಟು ಕೊಡುತ್ತಿದ್ದೇನೆ. ಕಲ್ಯಾಣ ಮಂಟಪಗಳದ್ದಂತೂ ಹೇಳುವುದೇ ಬೇಡ. ಸಾವಿರ ಜನರಿಗೆ ಊಟ ಹಾಕುವ ಹಾಲ್ ಕಟ್ಟುತ್ತಾರೆ, ಐವತ್ತು ಕಾರಿಗೆ ಜಾಗ ಬಿಡುವುದಿಲ್ಲ. ಮುಹೂರ್ತದ ದಿನ ಹೆದ್ದಾರಿಯೇ ಅವರ ಪಾರ್ಕಿಂಗು.

ನಮ್ಮ ಹೋಟೆಲಿನವರಲ್ಲಿ ಒಂದು ಭಯ ಇದೆ, ಅದನ್ನು ಮುಚ್ಚಿಡುವುದಿಲ್ಲ. ರಸ್ತೆ ಬದಿ ಗಾಡಿ ನಿಲ್ಲಿಸಲು ಬಿಡದಿದ್ದರೆ ಗಿರಾಕಿ ಮುಂದಕ್ಕೆ ಹೋಗಿಬಿಡುತ್ತಾನೆ ಅಂತ. ಪಕ್ಕದ ಅಂಗಡಿಯವರು ಈ ಪತ್ರ ಓದಿದರೆ ನನ್ನ ಜೊತೆ ಮಾತು ಬಿಡಬಹುದು. ನನಗೂ ಮೊದಲು ಹಾಗೇ ಅನಿಸಿತ್ತು. ಹಿಂದಿನ ಸೈಟಿನಲ್ಲಿ ಪಾರ್ಕಿಂಗ್ ಮಾಡಿ ಬಾಣದ ಗುರುತಿನ ಬೋರ್ಡ್ ಹಾಕಿದ ಮೊದಲ ತಿಂಗಳು ವ್ಯಾಪಾರ ಬಿತ್ತು, ಸುಳ್ಳು ಹೇಳುವುದಿಲ್ಲ. ಆಮೇಲೆ ಮನೆ ಮಂದಿ, ಮಕ್ಕಳು, ವಯಸ್ಸಾದವರನ್ನು ಕರೆದುಕೊಂಡು ಬರುವವರು ಜಾಸ್ತಿಯಾದರು. ಹಾರ್ನ್ ಕಾಟ ಇಲ್ಲದೆ ಕೂತು ತಿನ್ನಬಹುದು ಅಂತ. ಪಾರ್ಸೆಲ್ ಕಡಿಮೆ ಆಯಿತು, ಕೂತು ತಿನ್ನುವವರು ಎರಡನೇ ಕಾಫಿ ಕೇಳುತ್ತಾರೆ. ಲೆಕ್ಕ ಸರಿಹೋಯಿತು. ಆದರೆ ನಾನೊಬ್ಬ ಮಾಡಿದರೆ ಏನಾಗುತ್ತದೆ? ಸಾಲಿನಲ್ಲಿ ಎಲ್ಲರಿಗೂ ಒಂದೇ ನಿಯಮ ಇರಬೇಕು. ಅದನ್ನು ಮಾಡುವ ಅಧಿಕಾರ ನಿಮಗಿದೆ, ನನಗಿಲ್ಲ. ತಳ್ಳುಗಾಡಿಯವರನ್ನು ಮಾತ್ರ ಲಾಠಿ ಬೀಸಿ ಓಡಿಸಬೇಡಿ. ಹೆದ್ದಾರಿ ಬಿಟ್ಟು ಒಳಗೆ, ಬಸ್ ಇಳಿದವರಿಗೆ ಕಾಣುವ ಹಾಗೆ, ಒಂದು ಜಾಗ ತೋರಿಸಿ ಆಮೇಲೆ ಎಬ್ಬಿಸಿ. ಪೇಟೆಗಳಲ್ಲಿ ಅದಕ್ಕೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯೇ ಇದೆ.

ಇನ್ನೊಂದು ವಿಷಯ. ಇದನ್ನು ಇಂಜಿನಿಯರುಗಳು ಹೇಳುವುದನ್ನು ನಾನು ಕೇಳಿಲ್ಲ. ಆದರೆ ಜಾಮ್ ಕಡಿಮೆ ಮಾಡಲು ಎಲ್ಲಕ್ಕಿಂತ ಅಗ್ಗದ ದಾರಿ ಇದೇ ಅಂತ ನನ್ನ ಲೆಕ್ಕ.

ನಮ್ಮೂರಿನಿಂದ ಪಕ್ಕದ ಹಳ್ಳಿಗೆ ಒಂದೂವರೆ ಕಿಲೋಮೀಟರು. ನನ್ನ ಅಪ್ಪನ ಕಾಲದಲ್ಲಿ ಗಾಡಿ ಕಟ್ಟಿಕೊಂಡು ತೋಟದ ಮೇಲೆ ಹೋಗಿಬಿಡುತ್ತಿದ್ದರು. ಬಂಡಿ ದಾರಿ ಅದು. ಗ್ರಾಮ ನಕಾಶೆಯಲ್ಲಿ ಈಗಲೂ ಎರಡು ಚುಕ್ಕಿಗೆರೆ ಇದೆ, ಸ್ಥಳಕ್ಕೆ ಹೋಗಿ ನೋಡಿದರೆ ಅಡಿಕೆ ಗಿಡ ಇದೆ. ಒಬ್ಬರು ಎರಡು ಅಡಿ, ಇನ್ನೊಬ್ಬರು ನಾಲ್ಕು ಅಡಿ ಅಂತ ಸೇರಿಸಿಕೊಂಡು ದಾರಿ ಮಾಯವಾಗಿದೆ. ಅದಕ್ಕೇ ಪಕ್ಕದ ಹಳ್ಳಿಗೆ ಹೋಗಬೇಕಾದ ಟ್ರ್ಯಾಕ್ಟರು, ಶಾಲೆಗೆ ಹೋಗುವ ಮಕ್ಕಳ ಸೈಕಲ್ಲು, ಡೇರಿಗೆ ಹಾಲು ಒಯ್ಯುವ ಬೈಕು, ಎಲ್ಲವೂ ದಿಲ್ಲಿ–ಚೆನ್ನೈ ಹೆದ್ದಾರಿ ಹತ್ತಬೇಕು. ಒಂದೂವರೆ ಕಿಲೋಮೀಟರಿಗೆ! ನೂರರ ವೇಗದಲ್ಲಿ ಬರುವ ಕಾರಿನ ಮುಂದೆ ಹುಲ್ಲಿನ ಟ್ರೇಲರ್ ಕಾಣಿಸಿಕೊಳ್ಳುವುದು ಹೀಗೆ.

ನಕಾಶೆ ದಾರಿ ಬಿಡಿಸಲು ಹೊಸ ಭೂಮಿ ಕೊಳ್ಳಬೇಕಾಗಿಲ್ಲ, ಅದು ಸರ್ಕಾರದ್ದೇ. ತಹಸೀಲ್ದಾರ್ ಕಚೇರಿಯಿಂದ ಸರ್ವೆಯರ್ ಕರೆಸಿ ಅಳೆಸಬೇಕು, ಕಲ್ಲು ನೆಡಬೇಕು. ಹಿಂದೆ ‘ನಮ್ಮ ಹೊಲ ನಮ್ಮ ರಸ್ತೆ’ ಅಂತ ನರೇಗಾದಲ್ಲಿ ಇಂಥ ದಾರಿ ಮಾಡಿದ್ದಾರೆ, ಅದರ ಅನುಭವ ನಿಮಗೇ ಇದೆ. ಕಷ್ಟ ಇರುವುದು ದುಡ್ಡಿನಲ್ಲಲ್ಲ. ಅಡಿಕೆ ಗಿಡದ ಯಜಮಾನರು ನಿಮ್ಮ ಮತದಾರರು, ಬಹುಶಃ ನೆಂಟರು. ಗ್ರಾಮಸಭೆಯಲ್ಲಿ ಈ ಮಾತು ಎತ್ತಿದರೆ ಗಲಾಟೆ ಆಗುತ್ತದೆ. ಆಗಲಿ ಬಿಡಿ. ಒಂದು ಊರಿನಲ್ಲಿ ಒಂದು ದಾರಿ ಬಿಡಿಸಿ ತೋರಿಸಿ, ಮುಂದಿನ ಊರಿನವರು ತಾವೇ ಕೇಳಿಕೊಂಡು ಬರುತ್ತಾರೆ.

ಬಸ್ಸಿನ ಬಗ್ಗೆ ಚಿಕ್ಕದಾಗಿ. ಬಸ್ ನಿಲ್ದಾಣದ ಶೆಲ್ಟರ್ ಇದೆ, ಬಸ್ಸು ನಿಲ್ಲುವುದು ಬೇರೆ ಕಡೆ. ಯಾಕೆಂದರೆ ಶೆಲ್ಟರ್ ಕಟ್ಟಿದ್ದು ಯಾರದೋ ಅನುದಾನದಲ್ಲಿ, ಫಲಕ ಕಾಣುವ ಜಾಗದಲ್ಲಿ. ಜನ ನಿಲ್ಲುವ ಕಡೆ ಶೆಲ್ಟರ್ ಇರಬೇಕು, ಬಸ್ಸು ಪೂರ್ತಿ ಎಡಕ್ಕೆ ಬಂದು ನಿಲ್ಲಲು ಜಾಗ ಇರಬೇಕು, ಆ ಜಾಗದಲ್ಲಿ ಆಟೋ ನಿಲ್ಲಬಾರದು. ಆಟೋದವರಿಗೆ ಇಪ್ಪತ್ತು ಮೀಟರ್ ಆಚೆ ಸ್ಟ್ಯಾಂಡ್ ಕೊಡಿ. ಮೆಟ್ರೊ 2024ರ ನವೆಂಬರಿನಲ್ಲಿ ಮಾದಾವರದ ತನಕ ಬಂದಿದೆ, ತುಮಕೂರಿಗೂ ತರುತ್ತೇವೆ ಅನ್ನುವ ಮಾತು ನಡೆದಿದೆ. ಬಂದಾಗ ಬರಲಿ. ಅದು ಬರುವ ತನಕ ಬೆಂಗಳೂರಿಗೆ ದಿನಾ ಓಡಾಡುವ ನಮ್ಮ ಹುಡುಗರಿಗೆ ಬಸ್ಸು, ರೈಲೇ ಗತಿ. ಬಸ್ಸು ಹತ್ತಲು ಮಾನವಾಗಿ ನಿಲ್ಲುವ ಒಂದು ಜಾಗ ಇಲ್ಲದಿದ್ದರೆ ಅವರು ಸಾಲ ಮಾಡಿ ಬೈಕು ತಗೊಳ್ಳುತ್ತಾರೆ, ತಗೊಂಡಿದ್ದಾರೆ. ಆ ಬೈಕೂ ಇದೇ ರಸ್ತೆಗೆ ಬಂತು.

ದುಡ್ಡು ಎಲ್ಲಿಂದ ಅಂತ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ನಮ್ಮೂರ ಮುಂದೆ ಹೋಗುವ ದೂರದ ಕಾರು, ಲಾರಿಗಳು ಟೋಲ್ ಕಟ್ಟಿ ಬರುತ್ತವೆ, ಅದರಲ್ಲಿ ಪಂಚಾಯಿತಿಗೆ ಪಾಲು ಬರುವುದಿಲ್ಲ. ಹೊಗೆ, ದೂಳು, ಸದ್ದು, ಸಾವು ನಮ್ಮ ಪಾಲಿಗೆ. ಈ ಮಾತನ್ನು ನೀವು ನಮ್ಮ ಸಂಸದರು, ಶಾಸಕರ ಮುಂದೆ ಗಟ್ಟಿಯಾಗಿ ಹೇಳಿ, ನಾವೂ ಜೊತೆಗೆ ಬರುತ್ತೇವೆ. ಆದರೆ ಅದು ಆಗುವ ತನಕ ಕೈಕಟ್ಟಿ ಕೂರುವಷ್ಟು ಬಡತನವೂ ಇಲ್ಲ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ರೂಪಾಯಿ ನೀರು, ನೈರ್ಮಲ್ಯಕ್ಕೆ ಮೀಸಲಿಟ್ಟಿದ್ದರು, ಉಳಿದ 40ನ್ನು ಊರಿನ ಅಗತ್ಯ ನೋಡಿ ಖರ್ಚು ಮಾಡಲು ಬಿಟ್ಟಿದ್ದರು. ಫ್ಯಾಕ್ಟರಿ, ಗೋಡೌನುಗಳ ತೆರಿಗೆ ಬೇರೆ ಇದೆ. ಒಂದು ಅಂಡರ್‌ಪಾಸಿನ ನಾಲ್ಕು ಎಲ್‌ಇಡಿ ದೀಪದ ಬಿಲ್ಲು ಎಷ್ಟು ಬರುತ್ತದೆ? ನನ್ನ ಹೋಟೆಲಿನ ಗ್ರೈಂಡರಿಗಿಂತ ಕಡಿಮೆ. ಬೇಕಾದರೆ ನಾವು ಅಂಗಡಿಯವರೇ ಸೇರಿ ಕಟ್ಟುತ್ತೇವೆ, ಒಪ್ಪಿಗೆ ಪತ್ರಕ್ಕೆ ಮಾತ್ರ ನಿಮ್ಮ ಸಹಿ ಬೇಕು.

ಕೊನೆಯದಾಗಿ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಅಂತ ಇದೆ. ಪೊಲೀಸರು, ಆರ್‌ಟಿಒ, ಲೋಕೋಪಯೋಗಿ, ಹೆದ್ದಾರಿಯವರು ಎಲ್ಲ ಅಲ್ಲಿ ಒಂದೇ ಮೇಜಿನ ಸುತ್ತ ಕೂರುತ್ತಾರೆ. ನಾನು ಮೂರು ತಿಂಗಳು ಅಲೆದ ಎರಡು ಕಚೇರಿಗಳ ನಡುವಿನ ದೂರ ಆ ಮೇಜಿನ ಅಗಲದಷ್ಟೇ. ಹೆದ್ದಾರಿ ಪಕ್ಕದ ಪಂಚಾಯಿತಿ ಅಧ್ಯಕ್ಷರನ್ನೂ ಆ ಸಭೆಗೆ ಕರೆಯಿರಿ ಅಂತ ನೀವು ಬರೆದು ಕೇಳಬೇಕು. ಕರೆದರೆ ಕೈಯಲ್ಲಿ ಪಟ್ಟಿ ಹಿಡಿದು ಹೋಗಿ: ನಮ್ಮೂರಿನಲ್ಲಿ ಜಾಮ್ ಆಗುವ ಜಾಗ ಇವು, ನಾವು ಮಾಡುವ ಕೆಲಸ ಇಷ್ಟು, ನೀವು ಮಾಡಬೇಕಾದದ್ದು ಇಷ್ಟು ಅಂತ. ಆ ಪಟ್ಟಿ ಮಾಡಲು ಕನ್ಸಲ್ಟೆಂಟ್ ಬೇಡ. ಒಬ್ಬ ಹೋಟೆಲಿನವನು, ಒಬ್ಬ ಆಟೋದವನು, ಒಬ್ಬ ಬಸ್ ಕಂಡಕ್ಟರ್, ದಿನಾ ರಸ್ತೆ ದಾಟುವ ಒಬ್ಬ ಹೆಂಗಸು, ಇಷ್ಟು ಜನರನ್ನು ಒಂದು ಸಂಜೆ ಕೂರಿಸಿಕೊಂಡರೆ ಆಯಿತು.

ನಮ್ಮ ಪಾತ್ರೆ ತೊಳೆಯುವ ಅಕ್ಕ ಈಗ ಮತ್ತೆ ಕೆಲಸಕ್ಕೆ ಬರುತ್ತಿದ್ದಾರೆ. ಸ್ವಲ್ಪ ಕುಂಟುತ್ತಾರೆ, ಅದಕ್ಕೇ ದಾಟಲು ಮೊದಲಿಗಿಂತ ಹೊತ್ತು ಹಿಡಿಯುತ್ತದೆ. ಬೆಳಿಗ್ಗೆ ಐದಕ್ಕೆ ನಾನು ಡಿವೈಡರ್ ತನಕ ಹೋಗಿ ಟಾರ್ಚು ಬಿಡುತ್ತೇನೆ.

ಬರುವ ಭಾನುವಾರ ಸಂಜೆ ಆರಕ್ಕೆ ನಿಮ್ಮಲ್ಲಿ ಯಾರಾದರೂ ಬಿಡುವು ಮಾಡಿಕೊಂಡು ನಮ್ಮ ಸಾಲಿನ ಯಾವುದಾದರೂ ಹೋಟೆಲ್ ಮುಂದೆ ಒಂದು ಗಂಟೆ ನಿಂತು ನೋಡಿ. ನನ್ನ ಅಂಗಡಿಗೇ ಬಂದರೆ ಬಿಸಿ ತಟ್ಟೆ ಇಡ್ಲಿ ನನ್ನ ಲೆಕ್ಕಕ್ಕೆ. ಗಾಡಿ ಮಾತ್ರ ಹಿಂದಿನ ಸೈಟಿನಲ್ಲಿ ನಿಲ್ಲಿಸಿ.

ಇಂತಿ ನಿಮ್ಮ ವಿಶ್ವಾಸಿ,
ಹೆದ್ದಾರಿ ಪಕ್ಕದ ಒಬ್ಬ ಹೋಟೆಲಿನವನು,
ತುಮಕೂರು ತಾಲ್ಲೂಕು.

ಪ್ರತಿ: ಮಾನ್ಯ ಜಿಲ್ಲಾಧಿಕಾರಿಗಳಿಗೆ, ಮಾಹಿತಿಗಾಗಿ.